ರವಿವಾರ ಪೇಟೆಯ ನಕ್ಷತ್ರಗಳು

ಬೆಳಗಾವಿಯ ರವಿವಾರ ಪೇಟೆಗೆ ವಾರದ ಒಂದು ದಿನದ ಹೆಸರಿದ್ದರೂ ಅಲ್ಲಿಯ ಗದ್ದಲಕ್ಕೆ ಎಲ್ಲ ದಿನಗಳೂ ಸಮಾನವೇ. ಪೇಟೆಗಳಿಗೆ ವಾರಗಳ ಹೆಸರನ್ನಿಡುವುದು ಮರಾಠರ ಸೀಮೆಯಲ್ಲಿ ಬಳಕೆಯಾದ ಪದ್ಧತಿ. ಪುಣೆಯಲ್ಲಿಯೂ ರವಿವಾರ ಪೇಟೆಯುಂಟು, ಸೋಮವಾರ ಪೇಟೆಯುಂಟು, ಶನಿವಾರ ಪೇಟೆಯುಂಟು. ನಮ್ಮ ಊರಿನ ಈ ಪೇಟೆಯು ಕಿರಾಣಿ ಸಾಮಾನುಗಳ ಠೋಕ ವ್ಯಾಪಾರಕ್ಕೆ ಹೆಸರಾದುದು. ಅಕ್ಕಿ, ಬೇಳೆ, ಬೆಲ್ಲ, ಒಣಮೆಣಸಿನಕಾಯಿ, ಮಸಾಲೆಯ ಪದಾರ್ಥಗಳು ಇಲ್ಲಿ ಚೀಲಗಟ್ಟಲೆ ಬಂದು ಚೀಲಗಟ್ಟಲೆ ಹೋಗುವುವು. ಹಮಾಲರ ‘ಸರೀರಿ, ಸರೀರಿ’ ಎಂಬ ಕೂಗಿಗೆ ದಾರಿ ಬಿಡುತ್ತ, ಮೆಣಸಿನ ಘಾಟಿಗೆ ಸೀನುತ್ತ, ಬೆಲ್ಲದ ಪೆಂಟೆಗಳ ಮೇಲೆ ಕುಳಿತ ಜೇನ್ನೊಣಗಳಿಂದ ತಪ್ಪಿಸಿಕೊಳ್ಳುತ್ತ ನಡೆಯುವುದೆಂದರೆ ಒಂದು ಸಣ್ಣ ತೀರ್ಥಯಾತ್ರೆಯನ್ನು ಮಾಡಿದಷ್ಟು ಶ್ರಮವು.

ಇಂಥ ಪೇಟೆಗೆ ನಾನು ಹೋದ ವರ್ಷದ ಡಿಸೆಂಬರ ತಿಂಗಳಿನಲ್ಲಿ ನಕ್ಷತ್ರಗಳನ್ನು ಕೊಳ್ಳಲು ಹೋಗಿದ್ದೆನೆಂದರೆ ವಾಚಕರು ನಕ್ಕಾರು. ಆದುದರಿಂದ ಆ ಸಂಗತಿಯನ್ನು ಮೊದಲಿನಿಂದ ಹೇಳುವೆನು.

ನಾನು ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಮೂವತ್ತಮೂರು ವರ್ಷ ಕಲಿಸಿ ನಿವೃತ್ತನಾದವನು. ನನ್ನೊಡನೆ ಗಣಿತವನ್ನು ಕಲಿಸುತ್ತಿದ್ದ ಕ್ರೈಸ್ತ ಮಿತ್ರರೊಬ್ಬರು ಕ್ಯಾಂಪಿನಲ್ಲಿರುವರು. ಅವರು ಒಂದು ಸಂಜೆ ಶಹಾಪುರದ ನಮ್ಮ ಮನೆಗೆ ಬಂದು, ತಮ್ಮ ಮನೆಯ ಹತ್ತಿರದ ವೃದ್ಧಾಶ್ರಮವೊಂದರ ಮಾತನ್ನು ತೆಗೆದರು. ಅಲ್ಲಿ ಇಪ್ಪತ್ತರಷ್ಟು ಮಂದಿ ಹಿರಿಯರು ಇರುವರು. ಪ್ರತಿ ವರ್ಷವೂ ನಾತಾಳ ಹಬ್ಬಕ್ಕೆ ತರುಣರು ಪ್ಲಾಸ್ಟಿಕ್ಕಿನ ಮಾಲೆಗಳನ್ನೂ ನಕ್ಷತ್ರಗಳನ್ನೂ ಕೊಂಡುತಂದು ಒಂದು ತಾಸಿನಲ್ಲಿ ಗೋಡೆಗೆ ಕಟ್ಟಿ ಹೋಗುವರು. ಹಿರಿಯರು ಕುರ್ಚಿಯಲ್ಲಿ ಕುಳಿತು ನೋಡುವರು. ಕೊನೆಗೆ ಚಪ್ಪಾಳೆ ತಟ್ಟುವರು.

“ಶಾಸ್ತ್ರಿಗಳ, ಈ ವರ್ಷ ಅವರ ಕೈಲೇ ಮಾಡಸೂಣು ಅಂತೀನಿ. ನೀವು ಶಾಲ್ಯಾಗ ಹುಡುಗೂರ ಕೈಲೆ ಎಷ್ಟು ತೋರಣ ಮಾಡಿಸಿಲ್ಲ! ಬರ್ರಿ, ನಮಗೂ ಒಂದಿಷ್ಟು ಕಲಿಸ್ರಿ” ಎಂದರು.

ಸಂಸ್ಕೃತವನ್ನು ಕಲಿಸಿದವನಾದುದರಿಂದ ಅವರು ನನ್ನನ್ನು ವಿನೋದದಿಂದ ಶಾಸ್ತ್ರಿಗಳೆಂದೇ ಕರೆಯುವ ರೂಢಿ. ನಾನು ಒಪ್ಪಿಕೊಂಡೆನು. ಹಬ್ಬವು ಯಾರದೇ ಆಗಲಿ, ಗೋಡೆಯನ್ನು ಶೃಂಗರಿಸುವ ಆಸೆಯು ಎಲ್ಲ ಮನುಷ್ಯರಿಗೂ ಒಂದೇ. ಬಾಗಿಲ ಮೇಲೆ ಕಟ್ಟುವ ಎಲೆಯ ಮಾಲೆಗೆ ಸಂಸ್ಕೃತದಲ್ಲಿ ವಂದನಮಾಲಿಕಾ ಎಂಬ ಚೆಲುವಾದ ಹೆಸರುಂಟು. ಬರುವವರಿಗೆ ಮನೆಯೇ ಕೈಮುಗಿದಂತೆ ಎಂದು ಅದಕ್ಕೆ ನಾನು ತರಗತಿಯಲ್ಲಿ ಅರ್ಥವನ್ನು ಹೇಳುತ್ತಿದ್ದೆನು.

ಏನನ್ನು ಮಾಡಿಸಬೇಕೆಂಬ ಪ್ರಶ್ನೆ ಬಂದಿತು. ಕ್ರಿಸ್ತನು ಹುಟ್ಟಿದ ಕಥೆಯಲ್ಲಿ ನಕ್ಷತ್ರದ ಪ್ರಸ್ತಾಪವು ಮತ್ತಾಯನ ಸುವಾರ್ತೆಯಲ್ಲಿಯೂ, ಕೂಸನ್ನು ಮಲಗಿಸಿದ ಗೋದಲಿಯ ಪ್ರಸ್ತಾಪವು ಲೂಕನ ಸುವಾರ್ತೆಯಲ್ಲಿಯೂ ಇರುವುದು. ಜನರು ಎರಡನ್ನೂ ಕೂಡಿಸಿ ಒಂದೇ ಚಿತ್ರವನ್ನಾಗಿ ಮಾಡಿಕೊಂಡಿರುವರು. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸನು ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನಿರಿಸಿ ಗೋದಲಿಯ ದೃಶ್ಯವನ್ನು ಜನರಿಗೆ ತೋರಿಸಿದನು. ಜರ್ಮನಿ, ಸ್ವೀಡನ್ ಮುಂತಾದ ಉತ್ತರದ ದೇಶಗಳಲ್ಲಿ ಹುಲ್ಲುಕಡ್ಡಿಗಳ ನಕ್ಷತ್ರಗಳನ್ನು ಕಟ್ಟುವ ರೂಢಿಯಿದೆ. ಅಲ್ಲಿಯವರು ರೈ ಮತ್ತು ಗೋದಿಯ ಹುಲ್ಲನ್ನು ಬಳಸುವರು. ನಮಗೆ ಭತ್ತದ ಹುಲ್ಲಿಗೆ ಏನು ಕೊರತೆ? ಸಂಸ್ಕೃತದಲ್ಲಿ ಪಲಾಲವೆಂದು ಹೆಸರು ಪಡೆದ ಈ ವಸ್ತುವು ಮಾರ್ಗಶಿರದಲ್ಲಿ ಖಾನಾಪುರದ ಹೊಲಹೊಲಗಳಲ್ಲಿ ಬಿದ್ದಿರುವುದು.

ಮರುದಿನವೇ ನಾನು ರೈಲುಗಾಡಿಯನ್ನು ಹತ್ತಿ ಖಾನಾಪುರಕ್ಕೆ ಹೋದೆನು. ಬೆಳಗಾವಿಯಿಂದ ಅದು ಸುಮಾರು 26 ಕಿಲೋಮೀಟರು ದೂರ. ದೇಸೂರು ದಾಟಿದ ಮೇಲೆ ನೆಲದ ಬಣ್ಣವು ಕೆಂಪಾಗುತ್ತ, ಗಿಡಗಳು ದಟ್ಟವಾಗುತ್ತ, ಗಾಳಿಯು ತಂಪಾಗುತ್ತ ಹೋಗುವುದು. ಖಾನಾಪುರದ ಮಣ್ಣು ಗಡಿಗೆ, ಹಂಚುಗಳಿಗೆ ಪ್ರಸಿದ್ಧವಾದುದು. ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಊರಿನ ಮಗ್ಗುಲಿಗೇ ಹರಿಯುವಳು. ಮಳೆಗಾಲದಲ್ಲಿ ಕೆಂಪು ನೀರನ್ನು ಹೊತ್ತು ಬರುವ ಹೊಳೆಯು ಡಿಸೆಂಬರದಲ್ಲಿ ತಳದ ಕಲ್ಲುಗಳು ಕಾಣುವಷ್ಟು ತಿಳಿಯಾಗಿರುವುದು. ಕದಂಬರ ಕಾಲದ ಹಲಸಿಯು ಇದೇ ತಾಲೂಕಿನಲ್ಲಿರುವುದಾದರೂ ಅಂದು ನನ್ನ ದೃಷ್ಟಿಯು ಗುಡಿಗಳ ಮೇಲೆ ಇರಲಿಲ್ಲ, ಬಣವಿಗಳ ಮೇಲೆ ಇದ್ದಿತು.

ನಮ್ಮ ತಾಯಿಯ ತವರೂರು ಖಾನಾಪುರದ ಸಮೀಪದ ಒಂದು ಹಳ್ಳಿ. ಸೋದರಮಾವನ ಮಕ್ಕಳು ಈಗಲೂ ಅಲ್ಲಿ ಭತ್ತವನ್ನು ಬೆಳೆಯುವರು. ನಾನು ಹುಲ್ಲನ್ನು ಬೇಡಿದ್ದನ್ನು ಕೇಳಿ ಅವರಿಗೆ ಆಶ್ಚರ್ಯವಾಯಿತು. ಕಣದಲ್ಲಿ ತುಳಿದ ಹುಲ್ಲು ಒಡೆದುಹೋಗಿರುತ್ತದೆ. ನನಗೆ ಬೇಕಾದುದು ತುಳಿಯದ, ತೆನೆಯ ಕೆಳಗಿನ ನೀಳವಾದ ನಯವಾದ ಕಡ್ಡಿ. ಹೊಲದ ಅಂಚಿನಲ್ಲಿ ಉಳಿದಿದ್ದ ಒಂದು ಪಟ್ಟಿಯನ್ನು ಕೊಯ್ದು, ತೆನೆಸಮೇತವಾಗಿಯೇ ಎರಡು ಸಿವುಡು ಕಟ್ಟಿಕೊಟ್ಟರು.

ಅದಾದ ಮೇಲೆ ರವಿವಾರ ಪೇಟೆಯ ಪ್ರವಾಸವು. ಕಪಿಲೇಶ್ವರನ ಗುಡಿಗೆ ಕೈಮುಗಿದು ಪೇಟೆಯನ್ನು ಸೇರುವ ಹೊತ್ತಿಗೆ ಅಂಗಡಿಗಳ ಮುಂದೆ ಚೀಲಗಳನ್ನು ಇಳಿಸುವ ಕೆಲಸವು ನಡೆದಿದ್ದಿತು. ನಾನು ಕೊಂಡ ವಸ್ತುಗಳಿವು: ಮೂರು ಹಳೆಯ ಗೋಣಿಚೀಲಗಳು, ಸುತಳಿಯ ಒಂದು ಉಂಡೆ, ಒಂದು ದಬ್ಬಣ, ಅಂಟಿಗಾಗಿ ಮೈದಾ ಹಿಟ್ಟು, ದಾಲ್ಚಿನ್ನಿಯ ಉದ್ದನೆಯ ತುಂಡುಗಳು, ಲವಂಗ, ಮತ್ತು ಕಾಲು ಕಿಲೋ ಚಕ್ರಮೊಗ್ಗು. ಈ ಚಕ್ರಮೊಗ್ಗೇ ನಾನು ಹೇಳಿದ ನಕ್ಷತ್ರವು. ಇಲ್ಲಿಯ ಮರಾಠಿ ವ್ಯಾಪಾರಿಗಳು ಅದನ್ನು ಚಕ್ರೀಫೂಲ ಎನ್ನುವರು. ದಕ್ಷಿಣ ಚೀನ, ವಿಯೆಟ್ನಾಮುಗಳಲ್ಲಿ ಬೆಳೆಯುವ ಒಂದು ಮರದ ಒಣಗಿದ ಕಾಯಿ ಅದು. ಸಾಧಾರಣವಾಗಿ ಎಂಟು ಎಸಳು. ಒಂದೊಂದು ಎಸಳಿನಲ್ಲಿಯೂ ಹೊಳೆಯುವ ಒಂದು ಬೀಜ. ಅಂಗಡಿಯ ದಿವಾಣಜಿಯು, “ಮಾಸ್ತರ, ಇಷ್ಟು ಮಸಾಲಿ ತಗೊಂಡು ಯಾರ ಮದಿವಿ ಮಾಡ್ತೀರಿ?” ಎಂದು ಕೇಳಿದನು. ಸಂಗತಿಯನ್ನು ಹೇಳಿದೆನು. ಆತನು ತುಸು ಹೊತ್ತು ಸುಮ್ಮನಿದ್ದು, ಒಡೆಯದ ಇಡಿ ಮೊಗ್ಗುಗಳನ್ನು ಆರಿಸಿ ಆರಿಸಿ ಕೊಟ್ಟನು.

ಮೂರನೆಯ ದಿನ ಮಿತ್ರರೊಡನೆ ಕ್ಯಾಂಪಿಗೆ ಹೋದೆನು. ಬೆಳಗಾವಿಯ ಈ ಭಾಗವು ಪೇಟೆಗಿಂತ ಬೇರೆಯೇ ಆದ ಊರಿನಂತೆ ತೋರುವುದು. ಅಗಲವಾದ ದಾರಿಗಳು, ಹಳೆಯ ಮರಗಳು, ಹಂಚಿನ ಬಂಗಲೆಗಳು, ಸೈನ್ಯದ ಕಾವಲು, ಚರ್ಚಿನ ಗೋಪುರಗಳು. ಲಂಡನ್ ಮಿಶನರಿ ಸೊಸಾಯಿಟಿಯ ಜೋಸೆಫ್ ಟೇಲರರು 1820ರಲ್ಲಿ ಬೆಳಗಾವಿಯಲ್ಲಿ ತಮ್ಮ ಕೆಲಸವನ್ನು ಆರಂಭಿಸಿದರು. ಸೇಂಟ್ ಪಾಲ್ಸ್ ಶಾಲೆಯು 1856ರಲ್ಲಿ ಸ್ಥಾಪಿತವಾಯಿತು. ಕೆಥೊಲಿಕ ಧರ್ಮಪ್ರಾಂತವು 1953ರಲ್ಲಿ ಏರ್ಪಟ್ಟಿತು. ಗೋವೆಯು ಸಮೀಪವಾದುದರಿಂದ ಕೊಂಕಣಿಯವರೂ, ಸೈನ್ಯದ ಸಂಬಂಧದಿಂದ ತಮಿಳರೂ ಇಲ್ಲಿ ನೆಲೆಸಿರುವರು. ವೃದ್ಧಾಶ್ರಮದ ಪಡಸಾಲೆಯಲ್ಲಿ ಆ ದಿನ ಕನ್ನಡ, ಮರಾಠಿ, ಕೊಂಕಣಿ, ತಮಿಳು ಈ ನಾಲ್ಕು ಭಾಷೆಗಳೂ ಕಿವಿಗೆ ಬಿದ್ದವು.

ಕೆಲಸದ ಕ್ರಮವನ್ನು ಹೇಳುವೆನು. ಮನೆಯಲ್ಲಿ ಮಾಡಬೇಕೆನ್ನುವವರಿಗೆ ಉಪಯೋಗವಾದೀತು. ಹುಲ್ಲುಕಡ್ಡಿಗಳನ್ನು ಮೊದಲು ನೀರಿನಲ್ಲಿ ಚೆನ್ನಾಗಿ ನೆನೆಯಿಸಬೇಕು. ಒಣಕಡ್ಡಿಯು ಬಾಗಿಸಿದರೆ ಮುರಿಯುವುದು. ಮೆತ್ತಗಾದ ಕಡ್ಡಿಯನ್ನು ಉದ್ದಕ್ಕೆ ಸೀಳಿ ಬಿಡಿಸಿ, ಅದರ ಮೇಲೆ ಬಿಸಿಯಾದ ಇಸ್ತ್ರಿಯನ್ನು ಆಡಿಸಿದರೆ ಚಿನ್ನದ ಪಟ್ಟಿಯಂತೆ ಹೊಳೆಯುವುದು. ಸೀಳುವುದನ್ನೂ ಇಸ್ತ್ರಿ ಮಾಡುವುದನ್ನೂ ಆಶ್ರಮದ ದಾದಿಯರಿಗೆ ಒಪ್ಪಿಸಿದೆವು. ಬಳಿಕ ಗೇಣುದ್ದದ ನಾಲ್ಕು ಪಟ್ಟಿಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿರಿಸಿ, ನಡುವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ದಾರವನ್ನು ಒಂದು ಕಿರಣದ ಮೇಲೆ, ಮುಂದಿನದರ ಕೆಳಗೆ, ಹೀಗೆ ಸುತ್ತಿಸಿ ಹಿಂದುಗಡೆಗೆ ಗಂಟು ಹಾಕಬೇಕು. ನಾಲ್ಕು ಪಟ್ಟಿಗಳಿಗೆ ಎಂಟು ಕಿರಣಗಳಾಗುವುವು.

ಹಿರಿಯರೊಡನೆ ಮಾಡುವಾಗ ಕೆಲವು ಸಂಗತಿಗಳನ್ನು ಗಮನಿಸಬೇಕು. ಹುಲ್ಲಿನ ಬಣ್ಣವು ತಿಳಿಯಾದುದರಿಂದ ಮೇಜಿನ ಮೇಲೆ ಕಪ್ಪು ಬಟ್ಟೆಯನ್ನು ಹಾಸಿದರೆ ಮಂದದೃಷ್ಟಿಯವರಿಗೂ ಕಾಣುವುದು. ಬೆಳಕು ಕಿಟಕಿಯ ಕಡೆಯಿಂದ ಬರಬೇಕು. ಕೈ ನಡುಗುವವರ ಪಟ್ಟಿಗಳ ಮೇಲೆ ಒಂದು ತೂಕದ ಕಲ್ಲನ್ನಿಟ್ಟರೆ ಅವು ಜಾರುವುದಿಲ್ಲ. ಅಂಟಿನಲ್ಲಿ ಹುಳು ಬೀಳದಿರಲೆಂದು ಮೈಲುತುತ್ತವನ್ನು ಬೆರೆಸುವ ಹಳೆಯ ಪದ್ಧತಿಯುಂಟು. ಅದು ವಿಷವಾದುದರಿಂದ ಬಿಡತಕ್ಕದ್ದು. ಮರೆವಿನ ರೋಗವುಳ್ಳವರು ಲವಂಗವನ್ನೋ ಮೊಗ್ಗನ್ನೋ ಬಾಯಿಗೆ ಹಾಕಿಕೊಳ್ಳದಂತೆ ಮಗ್ಗುಲಲ್ಲಿ ಒಬ್ಬರು ಕುಳಿತಿರಬೇಕು. ಒಣಹುಲ್ಲಿನ ಹತ್ತಿರ ಮೇಣದ ಬತ್ತಿಯನ್ನು ಎಂದಿಗೂ ಹಚ್ಚಬಾರದು.

ಕಣ್ಣು ಪೂರ್ತಿ ಹೋಗಿದ್ದ ಅಜ್ಜರೊಬ್ಬರ ಮುಂದೆ ಮಸಾಲೆಯ ತಟ್ಟೆಯನ್ನಿಟ್ಟೆವು. ಇವರು ಒಂದು ಕಾಲಕ್ಕೆ ದೊಡ್ಡ ಅಡಿಗೆಮನೆಯಲ್ಲಿ ಬಾಣಸಿಗರಾಗಿದ್ದವರು. ಕೈಗೆ ತೆಗೆದುಕೊಂಡು ಮೂಸಿದೊಡನೆಯೇ ಒಂದೊಂದರ ಹೆಸರನ್ನೂ ಹೇಳಿದರು. ದಾಲ್ಚಿನ್ನಿಯಲ್ಲಿ ದಪ್ಪ ತೊಗಟೆಯ ಜಾತಿಯನ್ನೂ ತೆಳುವಾದುದನ್ನೂ ಬೆರಳಿನಿಂದಲೇ ಬೇರ್ಪಡಿಸಿದರು. ಮುರಿದ ಮೊಗ್ಗುಗಳನ್ನು ಒಂದು ಕಡೆ, ಇಡಿಯಾದವನ್ನು ಒಂದು ಕಡೆ ಮಾಡಿದರು. ದೃಷ್ಟಿಯಿದ್ದ ನಮಗಿಂತ ಅವರ ಕೆಲಸವು ಬೇಗನೆ ಮುಗಿಯಿತು.

ಇನ್ನು ನನ್ನ ತಪ್ಪಿನ ಕಥೆ. ಜರ್ಮನಿಯ ನೀಸ್ಕಿ ಎಂಬ ಊರಿನ ಶಾಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕಾಗದದ ನಕ್ಷತ್ರವನ್ನು ಹುಡುಗರಿಗೆ ರೇಖಾಗಣಿತದ ಪಾಠವಾಗಿ ಮಾಡಿಸಿದರೆಂದು ಮಿತ್ರರು ದಾರಿಯಲ್ಲಿ ಹೇಳಿದ್ದರು. ಮೊರಾವಿಯನ್ ನಕ್ಷತ್ರವೆಂದು ಈಗ ಪ್ರಸಿದ್ಧವಾಗಿರುವುದು ಅದೇ. ಉಪಾಧ್ಯಾಯನಿಗೆ ಇಂಥ ಮಾತು ಕೇಳಿದರೆ ಹೆಮ್ಮೆ ಬರದೆ ಇದ್ದೀತೇ? ನಾನೂ ಒಂದು ವೃತ್ತವನ್ನು ಬರೆದು, ಅದನ್ನು ಎಂಟು ಭಾಗ ಮಾಡಿ, ಕಿರಣಕ್ಕೂ ಕಿರಣಕ್ಕೂ ನಡುವೆ 45 ಅಂಶಗಳಿರಬೇಕೆಂದು ಗಂಭೀರವಾಗಿ ಹೇಳಿದೆನು. ಎಲ್ಲರೂ ತಲೆದೂಗಿದರು.

ಅವರಲ್ಲಿ ಎಂಬತ್ತರ ಹತ್ತಿರದ ಒಬ್ಬ ಬಾಯಿಯವರಿದ್ದರು. ಬಹಳ ವರ್ಷ ಕ್ಯಾಂಪಿನಲ್ಲಿ ಬಟ್ಟೆ ಹೊಲಿದು ಸಂಸಾರವನ್ನು ನಡೆಸಿದವರು. ಈಗ ಬೆರಳುಗಳ ಗಿಣ್ಣುಗಳು ಬಾತು, ಕಣ್ಣಿಗೆ ಪೊರೆಯು ಬಂದಿದ್ದಿತು. ಅವರು ಇಡೀ ಮಧ್ಯಾಹ್ನ ಕುಳಿತು ಒಂದೇ ಒಂದು ನಕ್ಷತ್ರವನ್ನು ಕಟ್ಟಿದರು. ಅದರ ಎರಡು ಕಿರಣಗಳು ಒಂದಕ್ಕೊಂದು ಅಂಟಿದಂತೆ ಕೂಡಿದ್ದವು. ಮತ್ತೊಂದು ಕಡೆಗೆ ದೊಡ್ಡ ತೆರಪು ಬಿದ್ದಿತ್ತು. ಅವರು ವಿಶ್ರಾಂತಿಗೆ ಹೋದ ಮೇಲೆ ನಾನು ಸಾಮಾನುಗಳನ್ನು ಎತ್ತಿಡುತ್ತ ಅದನ್ನು ನೋಡಿದೆನು. ಗೋಡೆಯ ಮೇಲೆ ವಕ್ರವಾಗಿ ಕಂಡರೆ ಬಂದವರು ನಕ್ಕಾರು, ಬಾಯಿಯವರಿಗೆ ನೋವಾದೀತು ಎಂದು ನನಗೆ ನಾನೇ ಕಾರಣವನ್ನು ಹೇಳಿಕೊಂಡು, ದಾರವನ್ನು ಬಿಚ್ಚಿ, ಕಿರಣಗಳನ್ನು ಸಮವಾಗಿ ಹೊಂದಿಸಿ ಮತ್ತೆ ಕಟ್ಟಿ ಇಟ್ಟೆನು. ಒಳ್ಳೆಯ ಕೆಲಸವನ್ನು ಮಾಡಿದೆನೆಂದೇ ಅಂದು ರಾತ್ರಿ ಸುಖವಾಗಿ ನಿದ್ದೆ ಮಾಡಿದೆನು.

ಮರುದಿನ ಬಾಯಿಯವರು ತಮ್ಮ ನಕ್ಷತ್ರವನ್ನು ಕೇಳಿ ಇಸಿದುಕೊಂಡರು. ಕಣ್ಣಿನ ಹತ್ತಿರ ಹಿಡಿಯಲಿಲ್ಲ. ಹಿಂದುಗಡೆಯ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಇದು ನಂದಲ್ಲ ಸರ. ನನ್ನ ಗಂಟು ಹಿಂಗಿರೂದಿಲ್ಲ.”

ನಾನು ತಡವರಿಸುತ್ತ, ತುಸು ಸೊಟ್ಟಗಾಗಿತ್ತು, ಸರಿಪಡಿಸಿದೆನೆಂದು ಹೇಳಿದೆನು.

“ಸೊಟ್ಟ ಆಗಿದ್ರ ನನಗ ಹೇಳಬೇಕಿತ್ರಿ. ನಾನ ಬಿಚ್ಚಿ ಕಟ್ತಿದ್ದೆ. ಐವತ್ತು ವರ್ಷ ಗಿರಾಕಿ ಬಂದು ಕುತ್ತಿಗಿ ಬಿಗಿ ಆತು, ತೋಳು ಸಡಲ ಆತು ಅಂತ ಹೇಳಿದ್ರು. ಬಿಚ್ಚಿದೆ, ಮತ್ತ ಹೊಲಿದೆ. ಯಾರೂ ನನ್ನ ಹಿಂದ ಕದ್ದು ಹೊಲೀಲಿಲ್ಲ.”

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಆದುದರಿಂದಲೇ ಅದು ನನಗೆ ಹೆಚ್ಚಾಗಿ ತಟ್ಟಿತು. ನಾನು ಮೂವತ್ತಮೂರು ವರ್ಷ ಹುಡುಗರ ಬರಹವನ್ನು ಕೆಂಪು ಮಸಿಯಿಂದ ತಿದ್ದಿದವನು. ಆದರೆ ತಿದ್ದಿದುದನ್ನು ಅವರ ಕೈಗೇ ಕೊಟ್ಟು, ಅವರಿಂದಲೇ ಮತ್ತೊಮ್ಮೆ ಬರೆಯಿಸುತ್ತಿದ್ದೆನು. ಹತ್ತು ವರ್ಷದ ಹುಡುಗನಿಗೆ ನಾನು ಕೊಟ್ಟ ಆ ಮರ್ಯಾದೆಯನ್ನು ಎಂಬತ್ತರ ಹಿರಿಯಳಿಗೆ ಕೊಡಲಿಲ್ಲ. ಕರುಣೆಯೆಂದು ನಾನು ಭಾವಿಸಿದುದು ಅವರ ಲೆಕ್ಕದಲ್ಲಿ ಕಳವಾಗಿದ್ದಿತು.

“ತಪ್ಪಾತ್ರಿ ಬಾಯಾರ” ಎಂದೆನು. ಅವರು ನನ್ನ ಗಂಟನ್ನು ಬಿಚ್ಚಿಸಿ, ಪಟ್ಟಿಗಳನ್ನು ಕಪ್ಪು ಬಟ್ಟೆಯ ಮೇಲೆ ಹರಡಿಕೊಂಡು ಮೊದಲಿನಿಂದ ಆರಂಭಿಸಿದರು. ನಾನು ಎದುರಿಗೆ ಕುಳಿತು ಕೇಳಿದಾಗ ಮಾತ್ರ, “ಬಲಕ್ಕ ತುಸು ಸರಸ್ರಿ” ಎಂದು ಹೇಳುತ್ತಿದ್ದೆನು. ಒಂದು ತಾಸಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಈ ಸಲ ಕಿರಣಗಳು ಬಹುಮಟ್ಟಿಗೆ ಸಮವಾಗಿದ್ದವು. ಒಂದು ಮಾತ್ರ ಗಿಡ್ಡವಾಗಿದ್ದಿತು. ಅದನ್ನೂ ಹೇಳಿದೆನು. ಅವರು ಮುಟ್ಟಿ ನೋಡಿ, “ಇರ್ಲಿ ಬಿಡ್ರಿ. ಇದು ನಂದ” ಎಂದರು.

ಗೋಣಿಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಕೂಡಿಸಿ ಹೊಲಿದು ಬಿದಿರಿನ ಕೋಲಿಗೆ ತೂಗುಹಾಕಿದೆವು. ಕೆಳಗೆ ಹುಲ್ಲಿನ ಗೋದಲಿ, ಅದರ ಸುತ್ತ ದಾಲ್ಚಿನ್ನಿಯ ಬೇಲಿ, ಅಂಚಿಗೆ ಚಕ್ರಮೊಗ್ಗಿನ ಸಾಲು, ಮೇಲೆ ಹದಿನಾಲ್ಕು ಹುಲ್ಲಿನ ನಕ್ಷತ್ರಗಳು. ಎರಡು ನಕ್ಷತ್ರಗಳು ಒಂದೇ ತೆರನಾಗಿರಲಿಲ್ಲ. ಬೆಳಗಾವಿಯ ಕೋಟೆಯೊಳಗಿನ ಕಮಲಬಸದಿಯಲ್ಲಿ, 1204ರಲ್ಲಿ ರಟ್ಟರ ಕಾಲದ ಶಿಲ್ಪಿಗಳು ಛಾವಣಿಯಿಂದ ಕಲ್ಲಿನ ಕಮಲವನ್ನು ಇಳಿಬಿಟ್ಟಿರುವರು. ಎಂಟುನೂರು ವರ್ಷ ಕಳೆದರೂ ಅದು ಬಾಡಿಲ್ಲ. ನಮ್ಮ ಹುಲ್ಲಿನ ನಕ್ಷತ್ರಗಳ ಆಯುಷ್ಯವು ಒಂದು ಋತುವಿನದು. ಆದರೆ ಹಬ್ಬದ ದಿನ ಬಂದವರು ಅವುಗಳ ಮುಂದೆ ನಿಂತು, “ಇದು ಯಾರು ಮಾಡಿದ್ದು?” ಎಂದು ಕೇಳಿದಾಗ ಕುರ್ಚಿಗಳ ಸಾಲಿನಿಂದ ಉತ್ತರವು ಬರುತ್ತಿದ್ದಿತು. ಹಿಂದಿನ ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಮನೆಗೆ ಬರುವಾಗ ಉಳಿದ ಒಂದು ಸಿವುಡು ತೆನೆಯನ್ನು ತಂದಿದ್ದೆನು. ನಮ್ಮ ಮನೆಯಲ್ಲಿ ನನಗಿಂತ ಹದಿನಾಲ್ಕು ವರ್ಷ ಹಿರಿಯಳಾದ ಅಕ್ಕನಿರುವಳು. ಆಕೆ ಹಿಂದೆ ಸೋದರಮಾವನ ಮನೆಯಿಂದ ತೆನೆಗಳನ್ನು ತರಿಸಿ, ಜಡೆಯಂತೆ ಹೆಣೆದು ಭತ್ತದ ತೋರಣವನ್ನು ಕಟ್ಟುತ್ತಿದ್ದಳು. ನಾಲ್ಕು ವರ್ಷಗಳ ಹಿಂದೆ ಆಕೆಯ ಕೈ ನಡುಗಲಾರಂಭಿಸಿದಾಗ, ಆಕೆಗೆ ಶ್ರಮವಾಗಬಾರದೆಂದು ನಾನೇ ಪೇಟೆಯಿಂದ ಸಿದ್ಧವಾದ ತೋರಣವನ್ನು ತಂದು ಕಟ್ಟಿದ್ದೆನು. ಆಕೆ ಏನನ್ನೂ ಹೇಳಿರಲಿಲ್ಲ. ಹೇಳದಿದ್ದುದನ್ನು ನಾನು ಒಪ್ಪಿಗೆಯೆಂದು ತಿಳಿದಿದ್ದೆನು.

ತೆನೆಯ ಸಿವುಡನ್ನು ಆಕೆಯ ಮುಂದಿರಿಸಿದೆನು. “ಎಲ್ಲಿದೋ ಇದು? ಮಾವನ ಹೊಲದ್ದೇನು?” ಎಂದು ಕೇಳಿದಳು. ಅಹುದೆಂದೆನು. ಒಂದು ತೆನೆಯನ್ನು ಎತ್ತಿ ಅಂಗೈಯಲ್ಲಿ ಉಜ್ಜಿ ನೋಡಿ, “ಕಡ್ಡಿ ಒಣಗ್ಯಾವ. ನೀರಿಗೆ ಹಾಕು” ಎಂದಳು. ನಾನು ಹಾಕಿದೆನು. ಎರಡು ದಿನ ಹೆಣೆದಳು. ನಡುವೆ ಎರಡು ಸಲ ಬಿಚ್ಚಿದಳು. ನನ್ನ ಕೈಗಳು ಸುಮ್ಮನಿರಲು ಬಹಳ ಕಷ್ಟಪಟ್ಟವು. ಆ ತೋರಣವು ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಒಂದು ಕಡೆ ಹೆಣಿಗೆಯು ಸಡಿಲವಾಗಿದೆ. ಅದನ್ನು ನಾನು ಮುಟ್ಟಿಲ್ಲ.

ಸದ್ಗೃಹಸ್ಥರಾದ ವಾಚಕರಲ್ಲಿ ನನ್ನದೊಂದು ಬಿನ್ನಹ. ತಮ್ಮ ಮನೆಗಳಲ್ಲಿಯೂ ಹಿರಿಯರಿರುವರು. ಅವರಿಗೆ ವಿಶ್ರಾಂತಿಯನ್ನು ಕೊಡುವ ನೆವದಿಂದ ನಾವು ಅವರ ಕೈಯೊಳಗಿನ ಕೆಲಸವನ್ನು ಒಂದೊಂದಾಗಿ ಕಸಿದುಕೊಳ್ಳುತ್ತಿಲ್ಲವಷ್ಟೇ ಎಂಬುದನ್ನು ವಿಚಾರಿಸಬೇಕು. ದೀಪಾವಳಿಯ ಆಕಾಶಬುಟ್ಟಿಯಾಗಲಿ, ನಾತಾಳದ ನಕ್ಷತ್ರವಾಗಲಿ, ಸಾಮಗ್ರಿಯನ್ನು ಅವರ ಮುಂದಿರಿಸಿರಿ, ಬೆಳಕನ್ನು ಸರಿಪಡಿಸಿರಿ, ಮಗ್ಗುಲಲ್ಲಿ ಕುಳಿತುಕೊಳ್ಳಿರಿ. ತಪ್ಪು ಕಂಡರೆ ಬಾಯಿಂದ ಹೇಳಿರಿ. ಬಿಚ್ಚುವುದನ್ನೂ ಕಟ್ಟುವುದನ್ನೂ ಅವರಿಗೇ ಬಿಡಿರಿ.